ಓದುಗರ ಪ್ರಶ್ನೆ: ಕಡಲ ತಳದ ಕೆಸರು ಯಾವ ಊರಿನದು?

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ, ಧಾರವಾಡದ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ, ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ, ಆ ಮಣ್ಣಿನಲ್ಲಿ ಸಾವಿರಾರು ವರ್ಷಗಳ ಮಳೆಯ ಲೆಕ್ಕ ಸಿಗುತ್ತದೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ನೀವು ಮುಂದೆ ಹೋಗಲು ಬಿಡಲಿಲ್ಲ. ಈ ಸಲದ ಪತ್ರಗಳೆಲ್ಲ ಅದರ ಮೇಲೆಯೇ. ಬೋರ್‌ವೆಲ್ ಪಾಯಿಂಟ್ ಕೇಳಿದವರು ದಯವಿಟ್ಟು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: ಮೇಡಮ್ಮಾರಿಗೆ ನಮಸ್ಕಾರ. ಬೆಣ್ಣಿಹಳ್ಳ ಬಂದಾಗೊಮ್ಮೆ ನಮ್ಮ ಹೊಲದ ಎರಿಮಣ್ಣು ಕೊಚ್ಕೊಂಡು ಹೋಗತೈತ್ರೀ. ಅದು ಖರೇನ ಸಮುದ್ರ ಮುಟ್ಟತೈತೇನು? ಮುಟ್ಟಿದ್ರ, ಇದು ನವಲಗುಂದದ್ದು ಅಂತ ಅಲ್ಲಿ ಯಾರರ ಗುರುತು ಹಿಡಿತಾರೇನ್ರೀ?
— ರೈತರೊಬ್ಬರು, ನವಲಗುಂದ ತಾಲೂಕು

ಉತ್ತರ: ಮೊದಲು ಮುಟ್ಟುತ್ತಿತ್ತು. ಈಗ ಬಹುಪಾಲು ದಾರಿಯಲ್ಲೇ ಕೂತುಬಿಡುತ್ತದೆ. ಬೆಣ್ಣಿಹಳ್ಳ ರೋಣದ ಕಡೆ ಮಲಪ್ರಭೆಗೆ ಸೇರುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಅಲ್ಲಿಂದ ಮುಂದೆ ಬಸವಸಾಗರ, ಶ್ರೀಶೈಲ, ನಾಗಾರ್ಜುನಸಾಗರ. ಒಂದೊಂದು ಅಣೆಕಟ್ಟಿನ ಹಿಂದೆಯೂ ನೀರು ನಿಲ್ಲುತ್ತದೆ, ನಿಂತ ನೀರು ಹೊತ್ತದ್ದನ್ನು ಇಳಿಸುತ್ತದೆ. ಹಾವೇರಿಯವರು ನಗಬೇಡಿ, ನಿಮ್ಮದೂ ಅದೇ ಕತೆ. ಗಳಗನಾಥದಲ್ಲಿ ವರದೆ ತುಂಗಭದ್ರೆಗೆ ಕೂಡುತ್ತಾಳೆ, ಆ ಹೂಳು ಹೊಸಪೇಟೆಯ ಜಲಾಶಯಕ್ಕೆ ಹೋಗಿ ಕೂತಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105ಕ್ಕೆ ಇಳಿದಿದೆ. ಉಳಿದ ಜಾಗದಲ್ಲಿ ಇರುವುದು ಮಲೆನಾಡಿನದೂ ನಮ್ಮದೂ ಮಣ್ಣು.

ಧಾರವಾಡದ ಪಡುವಣ ಮಗ್ಗುಲಿನ ದಾರಿ ಬೇರೆ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯ ಜೊತೆಯಾಗಿ, ಮಾಗೋಡದಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲಾ ತಾಲೂಕಿನ ಮಂಜಗುಣಿಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಊರಿನ ಒಂದು ಕಡೆಯ ಹನಿ ಕೆಲವೇ ದಿನಗಳಲ್ಲಿ ಪಡುಗಡಲಿನಲ್ಲಿ, ಇನ್ನೊಂದು ಕಡೆಯ ಹನಿ ಆಂಧ್ರ ಸುತ್ತಿಕೊಂಡು ಮೂಡುಗಡಲಿನಲ್ಲಿ. ಮೂವತ್ತು ವರ್ಷ ಪಾಠ ಹೇಳಿದ ಮೇಲೂ ನನಗೆ ಇದು ಹಳೆಯದಾಗಿಲ್ಲ.

ಇನ್ನು ಗುರುತಿನ ಮಾತು. ನವಲಗುಂದ ಅಂತ ಯಾರೂ ಗುರುತು ಹಿಡಿಯುವುದಿಲ್ಲ. ತಾಲೂಕಿನ ಹೆಸರು ಹೇಳುವ ವಿಜ್ಞಾನಿ ಸಿಕ್ಕರೆ ನಂಬಬೇಡಿ. ಹೇಳಲು ಆಗುವುದು ಇಷ್ಟು: ಈ ಕೆಸರಿನಲ್ಲಿ ಇಷ್ಟು ಪಾಲು ಬಸಾಲ್ಟ್ ಶಿಲೆಯಿಂದ (ಲಾವಾ ಆರಿ ಆದ ಕಪ್ಪು ಕಲ್ಲು) ಬಂದದ್ದು, ಇಷ್ಟು ಪಾಲು ಅದಕ್ಕಿಂತ ಎಷ್ಟೋ ಹಳೆಯದಾದ ನೈಸ್, ಶಿಸ್ಟ್ ಶಿಲೆಗಳಿಂದ (ಶಾಖ, ಒತ್ತಡಕ್ಕೆ ಸಿಕ್ಕು ರೂಪ ಬದಲಾದ ಕಲ್ಲುಗಳು) ಬಂದದ್ದು. ಬಣ್ಣ ನೋಡಿಯಂತೂ ತೀರ್ಮಾನಕ್ಕೆ ಬರಲೇಬಾರದು. ನಿಮ್ಮ ಎರಿಯ ಕೆಳಗಿರುವುದು ಧಾರವಾಡ ಶಿಲಾಸಮೂಹ ಮತ್ತು ಅದರ ಸುತ್ತಲಿನ ನೈಸ್, 250 ಕೋಟಿ ವರ್ಷಕ್ಕೂ ಹಿಂದಿನವು. ಬೆಳಗಾವಿ, ವಿಜಯಪುರದ ಕಡೆ ಹೋದರೆ ಎರಿಯ ಕೆಳಗೆ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ್ದು. ಎರಡೂ ಕಡೆ ಮಣ್ಣು ಕಪ್ಪು, ಎರಡೂ ಮಳೆಗೆ ಉಬ್ಬಿ ಬೇಸಿಗೆಗೆ ಕಾಲು ಸಿಗಿಬೀಳುವಷ್ಟು ಬಿರುಕು ಬಿಡುತ್ತವೆ, ಎರಡರಲ್ಲೂ ಇರುವ ಮುಖ್ಯ ಜೇಡಿ ಖನಿಜ ಸ್ಮೆಕ್ಟೈಟ್. ಎಕ್ಸ್‌ರೇ ಯಂತ್ರಕ್ಕೆ ಹಾಕಿದರೂ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸುವ ದಾರಿ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಸರ್ ಕ್ಲಾಸಿನಲ್ಲಿ ನಿಯೋಡಿಮಿಯಂ ಐಸೊಟೋಪಿನಿಂದ ಕೆಸರಿನ ಮೂಲ ಹುಡುಕುತ್ತಾರೆ ಅಂದರು. ಕಲ್ಲು ಕೊಳೆತು ಮಣ್ಣಾಗಿ, ನೂರಾರು ಕಿಲೋಮೀಟರ್ ಉರುಳಿ, ಉಪ್ಪುನೀರಿನಲ್ಲಿ ಸಾವಿರಾರು ವರ್ಷ ಬಿದ್ದಿದ್ದರೂ ಅದು ಬದಲಾಗುವುದಿಲ್ಲವೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಗದಗ

ಉತ್ತರ: ಒಳ್ಳೆಯ ಪ್ರಶ್ನೆ ತಂಗಿ, ಪರೀಕ್ಷೆಯಲ್ಲಿ ಕೇಳದಂಥ ಪ್ರಶ್ನೆ. ಹುಬ್ಬಳ್ಳಿಯವನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದು ವೇಷ, ಊಟ, ನಡಿಗೆ ಎಲ್ಲ ಬದಲಾಯಿಸಿಕೊಂಡರೂ ಸಿಟ್ಟು ಬಂದಾಗ ಬಾಯಿಂದ ಬರುವುದು ಹುಬ್ಬಳ್ಳಿ ಮಾತೇ. ಕಲ್ಲಿನ ನಿಯೋಡಿಮಿಯಂ ಹಾಗೆ. ಕಾರಣ ಏನೆಂದರೆ:

ಐಸೊಟೋಪು ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು; ಹೆಸರಿನ ಮುಂದಿನ ಅಂಕಿ ಆ ತೂಕದ್ದು. ಸಮೇರಿಯಂ–147 ಎಂಬ ಪರಮಾಣು ಬಹಳ ನಿಧಾನವಾಗಿ ಕ್ಷಯಿಸಿ ನಿಯೋಡಿಮಿಯಂ–143 ಆಗುತ್ತದೆ. ಎಷ್ಟು ನಿಧಾನ ಅಂದರೆ ಅರ್ಧ ಕ್ಷಯಿಸಲು 10,600 ಕೋಟಿ ವರ್ಷ. ಭೂಮಿಯ ವಯಸ್ಸೇ ಸುಮಾರು 454 ಕೋಟಿ. ಭೂಮಿಯ ಒಳಪದರ ಕರಗಿ ಮೇಲಿನ ತೊಗಟೆ ಆಗುವಾಗ ಸಮೇರಿಯಂಗಿಂತ ನಿಯೋಡಿಮಿಯಂ ತುಸು ಹೆಚ್ಚು ಮೇಲೆ ಬರುತ್ತದೆ. ಹೀಗಾಗಿ ತೊಗಟೆಯಲ್ಲಿ ಸಮೇರಿಯಂ ಪಾಲು ಕಮ್ಮಿ, ಅಲ್ಲಿ ನಿಯೋಡಿಮಿಯಂ–143 ಹುಟ್ಟುವ ವೇಗವೂ ಕಮ್ಮಿ. ತೊಗಟೆ ಹಳೆಯದಾದಷ್ಟೂ ಈ ಹಿಂದುಳಿಯುವಿಕೆ ಬೆಳೆಯುತ್ತ ಹೋಗುತ್ತದೆ. ದಖ್ಖನ್ನಿನ ಬಸಾಲ್ಟ್ ಒಳಪದರದಿಂದ ಮೇಲೆ ಬಂದು 6.6 ಕೋಟಿ ವರ್ಷವಷ್ಟೇ ಆಯಿತು, ಹಿಂದುಳಿಯಲು ಅದಕ್ಕೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ. ನಮ್ಮ ಧಾರವಾಡ ಭೂಖಂಡದ ನೈಸ್‌ಗಳಲ್ಲಿ ಕೆಲವು 300 ಕೋಟಿ ವರ್ಷ ದಾಟಿದವು.

ನಿಯೋಡಿಮಿಯಂ–143ನ್ನು 144ರಿಂದ ಭಾಗಿಸಿದರೆ ಭೂಮಿಯ ಸರಾಸರಿ 0.512638. ಇದಕ್ಕಿಂತ ಎಷ್ಟು ಹೆಚ್ಚು ಎಷ್ಟು ಕಮ್ಮಿ ಎಂಬುದನ್ನು ಹತ್ತು ಸಾವಿರದಲ್ಲಿ ಇಷ್ಟು ಅಂತ ಬರೆಯುತ್ತಾರೆ. ಪುಸ್ತಕಗಳಲ್ಲಿ ಎಪ್ಸಿಲಾನ್ ಎನ್ನುವುದು ಇದನ್ನೇ. ಬಸಾಲ್ಟಿನದು ಹೆಚ್ಚಾಗಿ ಸೊನ್ನೆಯ ಆಚೀಚೆ. ಹಿಮಾಲಯದ ನದಿಗಳು ತರುವ ಕೆಸರು ಮೈನಸ್ 15ರ ಸುತ್ತಮುತ್ತ. ನಮ್ಮ ಹಳೆಯ ನೈಸ್ ಮೈನಸ್ 30ಕ್ಕೂ ಇಳಿಯುತ್ತದೆ, ಅಂದರೆ 0.5111ರ ಹತ್ತಿರ. ವ್ಯತ್ಯಾಸ ಇರುವುದು ದಶಮಾಂಶದ ಮೂರನೆಯ, ನಾಲ್ಕನೆಯ ಸ್ಥಾನದಲ್ಲಿ. ಅದಕ್ಕೇ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಅಷ್ಟು ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ಧೂಳೇ ಇಲ್ಲದ ಲ್ಯಾಬ್ ಬೇಕು.

ಸಮೇರಿಯಂ, ನಿಯೋಡಿಮಿಯಂ ಎರಡರ ರಾಸಾಯನಿಕ ಗುಣ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಕೊಳೆಯುವಾಗಲೂ ಉರುಳುವಾಗಲೂ ಒಂದು ಕರಗಿ ಇನ್ನೊಂದು ಉಳಿಯುವುದು ತೀರ ಕಡಿಮೆ. ಮೂಲ ಹುಡುಕಲು ಬಳಸುವ ಇನ್ನೊಂದು ಧಾತು ಸ್ಟ್ರಾನ್ಷಿಯಂ ಇಷ್ಟು ನೆಚ್ಚಿಕೆಯದಲ್ಲ. ಕಣ ಸಣ್ಣದಾದಂತೆ, ಕೊಳೆತಂತೆ ಅದರ ಅಂಕಿ ಜಾರುತ್ತದೆ. ಆದರೆ ಉಪ್ಪುನೀರಿನ ಬಗ್ಗೆ ನಿನ್ನ ಅನುಮಾನ ಸರಿಯೇ. ಸಮುದ್ರದ ನೀರಿಗೂ ತನ್ನದೇ ನಿಯೋಡಿಮಿಯಂ ಇದೆ, ಕಣಗಳ ಮೇಲೆ ಕಬ್ಬಿಣ–ಮ್ಯಾಂಗನೀಸ್ ಲೇಪವಾಗಿ ಅಂಟುತ್ತದೆ. ಮೊದಲು ದುರ್ಬಲ ಅಸಿಟಿಕ್ ಆಮ್ಲದಲ್ಲಿ (ವಿನಿಗರ್‌ನಲ್ಲಿ ಇರುವುದು ಇದೇ) ಚಿಪ್ಪುಗಳನ್ನು ಕರಗಿಸಿ, ಆಮೇಲೆ ಆ ಲೇಪ ತೊಳೆದು, ಉಳಿದ ನೆಲದ ಮಣ್ಣನ್ನು ಮಾತ್ರ ಅಳೆಯಬೇಕು. ತೊಳೆಯದೆ ಅಳೆದರೆ ಸಿಗುವುದು ಮಣ್ಣು ನೀರು ಎರಡರ ಬೆರಕೆ.

ಒಂದು ಬೋನು ನಿನಗೆ ಹೇಳಿಬಿಡುತ್ತೇನೆ. ಸೊನ್ನೆಯ ಬಸಾಲ್ಟನ್ನೂ ಮೈನಸ್ 30ರ ನೈಸನ್ನೂ ಹದವಾಗಿ ಬೆರೆಸಿದರೆ ಏನು ಬರುತ್ತದೆ? ಮೈನಸ್ 15. ಅಂದರೆ ಹಿಮಾಲಯ! ಒಂದೇ ಸಾಕ್ಷಿಯನ್ನು ನಂಬಿ ಕೂತರೆ ಸಹ್ಯಾದ್ರಿಯ ಕೆಸರಿಗೆ ಸಿಂಧೂನದಿಯ ವಿಳಾಸ ಬರೆದುಬಿಡುತ್ತೇವೆ. ಆಗ ಜೇಡಿ ಖನಿಜಗಳನ್ನು ಕೇಳಬೇಕು. ಹಿಮಾಲಯದ ಕೆಸರಾದರೆ ಇಲೈಟ್, ಕ್ಲೋರೈಟ್ ಹೆಚ್ಚು. ಬಸಾಲ್ಟಿನದಾದರೆ ಸ್ಮೆಕ್ಟೈಟ್. ಮಳೆ ಸುರಿಯುವ ಕರಾವಳಿಯ ಜಂಬಿಟ್ಟಿಗೆ ನೆಲದ್ದಾದರೆ ಕೆಯೊಲಿನೈಟ್. ಮರಳಿನ ಕಣ ಸಿಕ್ಕರೆ ಜಿರ್ಕಾನ್ ಹರಳುಗಳ ಯುರೇನಿಯಂ–ಸೀಸದ ವಯಸ್ಸನ್ನೂ ನೋಡುತ್ತಾರೆ. ಆದರೆ ಬಸಾಲ್ಟಿನಲ್ಲಿ ಜಿರ್ಕಾನ್ ಇಲ್ಲವೆನ್ನುವಷ್ಟು ಕಮ್ಮಿ, ಹೀಗಾಗಿ ಜಿರ್ಕಾನ್ ಒಂದನ್ನೇ ಎಣಿಸಿದವರಿಗೆ ದಖ್ಖನ್ ಕಾಣುವುದೇ ಇಲ್ಲ.

ಪ್ರಶ್ನೆ: ಮಣ್ಣು ಎಲ್ಲಿಂದ ಬಂತು ಎಂದು ತಿಳಿದರೆ ಹಿಂದಿನ ಕಾಲದ ಮಳೆ ಹೇಗೆ ತಿಳಿಯುತ್ತದೆ? ಕೆಸರು ಜಾಸ್ತಿ ಇದ್ದರೆ ಮಳೆ ಜಾಸ್ತಿ, ಕಮ್ಮಿ ಇದ್ದರೆ ಕಮ್ಮಿ. ಇಷ್ಟಕ್ಕೆ ಐಸೊಟೋಪು, ಹಡಗು, ಕೋಟಿಗಟ್ಟಲೆ ಖರ್ಚು ಯಾಕೆ ಬೇಕು?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ಲೆಕ್ಕ ಕೇಳುವವರು ನೀವು, ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. ಖಾತೆಯಲ್ಲಿ ದುಡ್ಡು ಜಾಸ್ತಿಯಾದರೆ ಸಂಬಳವೇ ಜಾಸ್ತಿಯಾಯಿತು ಅಂತ ನೀವು ಬರೆದುಕೊಳ್ಳುತ್ತಿದ್ದಿರಾ? ಎಲ್ಲಿಂದ ಜಮಾ ಆಯಿತು ಎಂದು ನೋಡುತ್ತಿರಲಿಲ್ಲವೇ?

ಆಳ ಸಮುದ್ರದ ಒಂದು ಜಾಗದಲ್ಲಿ ಕೆಸರು ಹೆಚ್ಚಾಗಲು ಮಳೆ ಒಂದು ಕಾರಣ ಮಾತ್ರ. ಸುಮಾರು 21,000 ವರ್ಷದ ಹಿಂದೆ ಹಿಮಯುಗ ತುದಿ ಮುಟ್ಟಿದಾಗ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದಿಂದ ಪಡುವಣಕ್ಕೆ ಹತ್ತಾರು ಕಿಲೋಮೀಟರ್ ನಡೆದುಕೊಂಡೇ ಹೋಗಬಹುದಿತ್ತು. ಗಂಗಾವಳಿಯ ಬಾಯಿ ಮಂಜಗುಣಿಯಲ್ಲಿ ಇರಲಿಲ್ಲ, ಆ ಬಯಲಿನ ಅಂಚಿನಲ್ಲಿತ್ತು. ನದಿ ತನ್ನ ಕೆಸರನ್ನು ನೇರವಾಗಿ ಆಳಕ್ಕೆ ಸುರಿಯುತ್ತಿತ್ತು. ಆ ಪದರದಲ್ಲಿ ಕೆಸರು ದಪ್ಪಗಿದ್ದರೆ ಮಳೆ ಹೆಚ್ಚಿತ್ತೆಂದು ಅರ್ಥವಲ್ಲ. ಆಗ ಮುಂಗಾರು ಸೊರಗಿತ್ತು. ಇನ್ನು ನದಿ ಪಾತ್ರ ಬದಲಿಸಬಹುದು, ಸಮುದ್ರದಡಿಯ ಇಳಿಜಾರು ಕುಸಿಯಬಹುದು, ಕಾಡು ಹೋಗಿ ನೆಲ ಬತ್ತಲಾಗಬಹುದು.

ಈ ಕೊನೆಯದಕ್ಕೆ ಗೋದಾವರಿಯ ಉದಾಹರಣೆ ಇದೆ. ನನಗೆ ತೀರ ಮನಸ್ಸಿಗೆ ಹತ್ತಿದ ಕೆಲಸ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. 2006ರಲ್ಲಿ ಭಾರತ ಸಮುದ್ರತಳದ ಗ್ಯಾಸ್ ಹೈಡ್ರೇಟ್ (ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ಅನಿಲ) ಹುಡುಕಲು ಜೋಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗನ್ನು ತರಿಸಿತ್ತು. ಇಂಧನ ಹುಡುಕುವಾಗ ಗೋದಾವರಿಯ ಬಾಯಿಯ ಎದುರು ಸಿಕ್ಕ ಒಂದು ಕೆಸರಿನ ಕೊಳವೆ, ಅಂದರೆ ಪದರ ಕಲಸದಂತೆ ಪೈಪಿನಲ್ಲಿ ಎತ್ತಿದ ಕೆಸರಿನ ಕಂಬ, ಹವಾಮಾನದವರ ಕೈಗೆ ಬಂತು. ಕಳೆದ ಹತ್ತು–ಹನ್ನೊಂದು ಸಾವಿರ ವರ್ಷಗಳ ಕೆಸರು ಅದರಲ್ಲಿದೆ.

ಮೊದಲು ಆ ಕೆಸರಿನಲ್ಲಿದ್ದ ಎಲೆಯ ಮೇಣವನ್ನು ಅಳೆದರು. ಎಲೆಗಳ ಮೇಲೆ ಮೇಣದ ತೆಳುಪದರ ಇರುತ್ತದಲ್ಲ, ಅದು ಸಾವಿರಾರು ವರ್ಷ ಕೆಡುವುದಿಲ್ಲ. ಕಾಡಿನ ಮರಗಳ ಮೇಣದಲ್ಲಿ ಭಾರದ ಇಂಗಾಲ, ಅಂದರೆ ಕಾರ್ಬನ್–13, ಕಮ್ಮಿ. ಒಣನೆಲದ ಹುಲ್ಲು ಮತ್ತು ನಮ್ಮ ಜೋಳದಂಥ ಬೆಳೆಗಳ ಮೇಣದಲ್ಲಿ ಹೆಚ್ಚು. ಸುಮಾರು 4,000 ವರ್ಷದ ಹಿಂದೆ ಒಮ್ಮೆ, ಸುಮಾರು 1,700 ವರ್ಷದ ಹಿಂದೆ ಮತ್ತೊಮ್ಮೆ ಹುಲ್ಲಿನ ಕಡೆಗೆ ವಾಲಿದ್ದು ಕಂಡಿತು. ಗೋದಾವರಿ ಸೀಮೆ ಒಣಗುತ್ತ ಬಂದಿತ್ತು. ಇದು 2012ರಲ್ಲಿ ಪ್ರಕಟವಾಯಿತು.

ನಿಮ್ಮ ಸೂತ್ರದ ಪ್ರಕಾರ ಮಳೆ ಕಮ್ಮಿಯಾದ ಮೇಲೆ ಕೆಸರೂ ಕಮ್ಮಿಯಾಗಬೇಕಿತ್ತು. ಆದದ್ದು ಉಲ್ಟಾ. ಅದೇ ಕೊಳವೆಯ ಮೇಲಿನ ಪದರಗಳಲ್ಲಿ ನೆಲದಿಂದ ಬಂದ ಮಣ್ಣು ಹೆಚ್ಚಾಗಿದೆ. ನಿಯೋಡಿಮಿಯಂ ಅಳೆದಾಗ ಅದು ಬಸಾಲ್ಟಿನ ಕಡೆಗೆ ಸರಿದದ್ದು ಕಂಡಿತು. ಗೋದಾವರಿಯ ಕೆಳಗಣ ಭಾಗ ಹಳೆಯ ಶಿಲೆ, ಹೆಚ್ಚು ಮಳೆ, ದಟ್ಟ ಕಾಡು. ಮೇಲ್ಭಾಗ ನಾಸಿಕದಿಂದ ಮರಾಠವಾಡದವರೆಗೆ ಬಸಾಲ್ಟು, ಮಳೆಯ ನೆರಳು, ಎರಿಭೂಮಿ. ಅಂದರೆ ಮಣ್ಣು ಹೆಚ್ಚಾಗಿ ಬಂದದ್ದು ಮಳೆ ಸುರಿಯುವ ಕಾಡಿನಿಂದ ಅಲ್ಲ, ಮಳೆ ಕೈಕೊಟ್ಟ ಎರಿಹೊಲಗಳ ಸೀಮೆಯಿಂದ. ಮಳೆ ಕುಗ್ಗಿದಾಗ ನೆಲದ ಹೊದಿಕೆ ತೆಳುವಾಯಿತು. ಬತ್ತಲಾದ ನೆಲದ ಮೇಲೆ ವರ್ಷಕ್ಕೆ ನಾಲ್ಕೇ ದೊಡ್ಡ ಮಳೆ ಬಿದ್ದರೂ ಸಾಕು, ಕೊರಕಲು ಬೀಳುತ್ತದೆ. ಅದರ ಮೇಲೆ ಬೇಸಾಯ ಹಬ್ಬಿತು. ಪ್ರವರಾ ದಂಡೆಯ ದಾಯಮಾಬಾದಿನಂಥ ಊರುಗಳು ಎದ್ದದ್ದು ಆ ಕಾಲದಲ್ಲೇ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲೂ ತುಂಗಭದ್ರೆಯ ದಂಡೆಗೆ ನವಶಿಲಾಯುಗದ ರೈತರು ನೆಲೆ ನಿಂತಿದ್ದರು. ಈ ಎರಡನೆಯ ಕೆಲಸ 2017ರಲ್ಲಿ ಪ್ರಕಟವಾಯಿತು.

ಕೆಸರಿನ ಮೊತ್ತವನ್ನು ಮಾತ್ರ ನೋಡಿದ್ದರೆ 4,000 ವರ್ಷದ ಹಿಂದೆ ಮಳೆ ಹೆಚ್ಚಾಯಿತು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಮೊದಲು ವಿಳಾಸ, ಆಮೇಲೆ ಮಳೆ. ನಾನು ಈ ಅಂಕಣದಲ್ಲಿ ಗಟ್ಟಿಯಾಗಿ ಹೇಳುವ ಮಾತು ಇದೊಂದೇ.

ದೂರದ ಇನ್ನೊಂದು ಉದಾಹರಣೆ. 1988ರಲ್ಲಿ ಹಾರ್ಟ್‌ಮುಟ್ ಹೈನ್‌ರಿಖ್ ಎಂಬ ಜರ್ಮನ್ ವಿಜ್ಞಾನಿ ಉತ್ತರ ಅಟ್ಲಾಂಟಿಕ್ ತಳದ ನುಣುಪು ಕೆಸರಿನ ನಡುನಡುವೆ ಒರಟು ಹರಳುಗಳ ಪದರಗಳಿರುವುದನ್ನು ವರದಿ ಮಾಡಿದ. ನಡುಗಡಲಿಗೆ ಹರಳುಗಳನ್ನು ಯಾವ ನದಿಯೂ ಒಯ್ಯಲಾರದು. ಹರಳುಗಳ ಮೂಲ ಹುಡುಕುತ್ತ ಹೋದವರು ಕೆನಡಾದ ಹಡ್ಸನ್ ಜಲಸಂಧಿಯ ಸುಣ್ಣಕಲ್ಲಿಗೆ ಮುಟ್ಟಿದರು. ಅಲ್ಲಿನ ಹಿಮರಾಶಿ ಒಡೆದು, ತೇಲುವ ಹಿಮಗಡ್ಡೆಗಳು ಕಲ್ಲು ಹೊತ್ತು ತಂದು, ಕರಗಿದಲ್ಲಿ ಉದುರಿಸಿದ್ದವು. ಅದೇ ಕಾಲಗಳಲ್ಲಿ ನಮ್ಮ ಮುಂಗಾರು ದುರ್ಬಲವಾಗಿದ್ದನ್ನು ಅರಬ್ಬೀ ಸಮುದ್ರದ ಕೆಸರು ತೋರಿಸುತ್ತದೆ. ಕೆನಡಾದ ಹಿಮಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಈ ಎರಡು ಕೊಳವೆಗಳು.

ಪ್ರಶ್ನೆ: ಗೋವಾ, ಮುಂಬೈ ಎದುರಿನ ಸಮುದ್ರತಳದಲ್ಲಿ ಹಿಮಾಲಯದ ಮಣ್ಣಿದೆ ಎಂದು ಓದಿದೆ. ಮಕ್ಕಳಿಗೆ ಹೇಳಿದರೆ ನಕ್ಕರು. ನಿಜವೇ?
— ಪ್ರೌಢಶಾಲಾ ಶಿಕ್ಷಕರು, ಶಿಗ್ಗಾವಿ

ಉತ್ತರ: ನಿಜ ಸರ್. ಸಿಂಧೂನದಿ ತಂದ ಕೆಸರು ಕರಾಚಿಯ ಬಳಿ ನಿಲ್ಲುವುದಿಲ್ಲ. ಸಮುದ್ರದಡಿಯ ಕಣಿವೆಗಳಲ್ಲಿ ರಾಡಿನೀರಿನ ಪ್ರವಾಹವಾಗಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತೆಂಕಣಕ್ಕೆ ಹರಿದು ಬೀಸಣಿಗೆಯಾಗಿ ಹರಡಿದೆ. ಅದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಒಂದೇ, ಗಂಗೆ–ಬ್ರಹ್ಮಪುತ್ರೆಯರದು. ಅದು ಬಂಗಾಳ ಕೊಲ್ಲಿಯಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಹಾಸಿದೆ.

2015ರಲ್ಲಿ ಜೋಯ್ಡಿಸ್ ರೆಸಲ್ಯೂಷನ್ ಹಡಗು ನಮ್ಮ ಕರಾವಳಿಯಿಂದ ನಾನೂರು ಕಿ.ಮೀ.ಗೂ ಆಚೆ, ಲಕ್ಷ್ಮಿ ಜಲಾನಯನ ಎಂಬಲ್ಲಿ ಕೊರೆಯಿತು. ನೀರಿನ ಆಳ ಮೂರೂವರೆ ಸಾವಿರ ಮೀಟರ್ ಮೇಲೆ, ಅದರ ಕೆಳಗೆ ಕೊರೆದದ್ದು ಸಾವಿರದ ನೂರು ಮೀಟರ್. ಆ ಯಾನದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಗೋವೆಯ ಧ್ರುವ ಸಂಶೋಧನಾ ಕೇಂದ್ರದ ಧನಂಜಯ್ ಪಾಂಡೆ. ಸಿಕ್ಕದ್ದರಲ್ಲಿ ಬಹಳಷ್ಟು ಸಿಂಧೂವಿನದೇ. ಆದರೆ ನಡುವೆ ನೂರಾರು ಮೀಟರ್ ದಪ್ಪದ ಒಂದು ಭಾಗ ಬೇರೆಯೇ ಇತ್ತು. ಸುಣ್ಣಕಲ್ಲಿನ ತುಣುಕುಗಳು, ತಿರುಚಿಕೊಂಡ ಪದರಗಳು. ಕೋಟಿ ವರ್ಷಕ್ಕೂ ತುಸು ಹಿಂದೆ ಭಾರತದ ಪಡುವಣ ಕರಾವಳಿಯ ಇಳಿಜಾರು ಕುಸಿದು ಜಾರಿದ್ದು ಅದು. ನಟರಾಜ ಕುಸಿತ ಎಂದು ಹೆಸರಿಟ್ಟಿದ್ದಾರೆ. ಆ ನೂರಾರು ಮೀಟರ್ ಕೆಸರು ಬಿದ್ದದ್ದು ಒಂದೇ ಸಲಕ್ಕೆ. ವಿಳಾಸ ನೋಡದೆ ಅದನ್ನು ಮಳೆಯ ಖಾತೆಗೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳಿಗೆ ಕೇಳಿ ನೋಡಿ, ನಗುವುದು ನಿಲ್ಲುತ್ತದೆ.

ಪ್ರಶ್ನೆ: ಮೂರು ಕಿಲೋಮೀಟರ್ ಆಳದಿಂದ ಕೆಸರನ್ನು ಕಲಸದೆ ಮೇಲೆ ತರುವುದು ಹೇಗೆ? ಯಾವ ಪದರ ಎಷ್ಟು ಹಳೆಯದು ಎಂದು ಹೇಗೆ ಗೊತ್ತಾಗುತ್ತದೆ? ನೀವು ಹಡಗಿಗೆ ಹೋಗಿದ್ದೀರಾ?
— ಪಿಯುಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಹೋಗಿದ್ದೆ ತಮ್ಮಾ, ಸಂಶೋಧನೆ ಮಾಡುತ್ತಿದ್ದಾಗ, ಸಾಗರ ಕನ್ಯಾ ಹಡಗಿನಲ್ಲಿ. ಅಣ್ಣಿಗೇರಿಯಲ್ಲಿ ಕೆರೆಯೇ ದೊಡ್ಡ ನೀರು ಅಂತ ಬೆಳೆದವಳು ನಾನು. ಮಾರ್ಮಗೋವಾ ಬಂದರು ದಾಟಿದ ಮೇಲೆ ವಾಂತಿ ಬಿಟ್ಟು ಬೇರೆ ಏನೂ ಮಾಡಲಿಲ್ಲ, ಕೊಳವೆ ಮೇಲೆ ಬರುತ್ತಿದೆ ಎಂದು ಕೂಗಿದಾಗ ಮಾತ್ರ ಎದ್ದು ಓಡಿದೆ.

ಭಾರದ ಕೊಳವೆಯೊಂದನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಮೇಲೆ ಸೀಸದ ತೂಕ, ಒಳಗೆ ಪಿವಿಸಿ ಪೈಪು. ತನ್ನ ಭಾರಕ್ಕೆ ಅದು ಕೆಸರಿನೊಳಗೆ ನಾಟಿಕೊಳ್ಳುತ್ತದೆ. ಬಾಯಿಯಲ್ಲಿರುವ ಉಕ್ಕಿನ ಎಸಳುಗಳು ಮೇಲೆತ್ತುವಾಗ ಮುಚ್ಚಿಕೊಳ್ಳುತ್ತವೆ. ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ಭಾಗ. ಒಂದು ಅಳೆಯಲು, ಒಂದು ಮುಂದೆ ಬರುವವರಿಗೆ ಕಾದಿಡಲು. ಪಾಚಿಹಸಿರು ಬಣ್ಣದ ಕೆಸರು, ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ. ಇಷ್ಟಕ್ಕಾಗಿ ಇಷ್ಟು ವಾಂತಿಯೇ ಅನ್ನಿಸಿತ್ತು, ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ.

ವಯಸ್ಸು ಹೇಳುವುದು ಆ ಕೆಸರಿನಲ್ಲಿರುವ ಫೊರಾಮಿನಿಫೆರಾ ಎಂಬ ಜೀವಿಗಳ ಚಿಪ್ಪು. ಮರಳಿನ ಕಣದಷ್ಟು ಚಿಕ್ಕವು, ಸಣ್ಣ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಬೇಕು. ಅವುಗಳಲ್ಲಿನ ಕಾರ್ಬನ್–14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50,000 ವರ್ಷದವರೆಗೆ ಇದು ನಡೆಯುತ್ತದೆ. ಸಮುದ್ರದ ಇಂಗಾಲ ತಾನೇ ಸ್ವಲ್ಪ ಹಳೆಯದಾದ್ದರಿಂದ ಕೆಲವು ನೂರು ವರ್ಷ ಕಳೆಯಬೇಕು. ಅದಕ್ಕೂ ಹಿಂದೆ ಹೋದರೆ ಬೇರೆ ಗುರುತುಗಳು. ಸುಮಾರು 7.8 ಲಕ್ಷ ವರ್ಷದ ಹಿಂದೆ ಭೂಮಿಯ ಕಾಂತಧ್ರುವಗಳು ಅದಲುಬದಲಾದದ್ದು ಕೆಸರಿನ ಕಣಗಳಲ್ಲಿ ದಾಖಲಾಗಿದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷದ ಹಿಂದೆ ಉಗುಳಿದ ಬೂದಿ ಬಂಗಾಳ ಕೊಲ್ಲಿಯಲ್ಲೂ ಅರಬ್ಬೀ ಸಮುದ್ರದಲ್ಲೂ ಸಿಗುತ್ತದೆ. ಆ ಬೂದಿ ಕಂಡರೆ ತಾರೀಖು ಬರೆದು ಅಂಟಿಸಿದಂತೆಯೇ.

ಕಲಸದೆ ತರುವ ವಿಷಯ ಕೇಳಿದೆಯಲ್ಲ, ಯಂತ್ರಕ್ಕಿಂತ ಹೆಚ್ಚು ಕಲಸುವುದು ಹುಳಗಳು. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂರುತ್ತದೆ, ಹುಳ ಅಷ್ಟನ್ನೂ ಮೇಲೆ ಕೆಳಗೆ ಮಾಡಿಬಿಡುತ್ತದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,200 ಮೀಟರ್ ಆಳದ ನಡುವೆ ನೀರಿನಲ್ಲಿ ಆಮ್ಲಜನಕ ತೀರ ಕಮ್ಮಿ. ಅಲ್ಲಿ ಹುಳ ಬದುಕುವುದು ಕಷ್ಟ. ಹೀಗಾಗಿ ಕೆಲವು ಕಡೆ ವರ್ಷ ವರ್ಷದ ಗೆರೆ ಹಾಗೇ ಉಳಿದಿದೆ. ಆ ಕೆಟ್ಟ ವಾಸನೆಗೂ ಆಮ್ಲಜನಕ ಇಲ್ಲದ್ದೇ ಕಾರಣ.

ಪ್ರಶ್ನೆ: ಬೇಸಿಗೆಯಲ್ಲಿ ಕಿಟಕಿ ಮೇಲೆ ಕೂರುವ ಧೂಳು ಅರಬಸ್ತಾನದಿಂದ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಮ್ಮ ಮನೆಯವರು ನಂಬಿದ್ದಾರೆ.
— ಗೃಹಿಣಿ, ಬೆಟಗೇರಿ

ಉತ್ತರ: ನಿಮ್ಮ ಕಿಟಕಿಯದು ಬಹುಪಾಲು ನಿಮ್ಮ ರಸ್ತೆಯದು ಮತ್ತು ಹರಗಿ ಬಿಟ್ಟ ಹೊಲಗಳದು, ಮನೆಯವರಿಗೆ ಬಟ್ಟೆ ಕೊಟ್ಟು ಒರೆಸಲು ಹೇಳಿ. ಆದರೆ ಅರಬ್ಬೀ ಸಮುದ್ರದ ತಳಕ್ಕೆ ಆ ಧೂಳು ಖಂಡಿತ ಬರುತ್ತದೆ. ಗುರುತು ಪ್ಯಾಲಿಗೋರ್ಸ್ಕೈಟ್ ಎಂಬ ಖನಿಜ. ಒಣ ಸವುಳು ನೆಲದಲ್ಲಿ ಹುಟ್ಟುತ್ತದೆ, ನಮ್ಮ ನದಿಗಳು ತರುವಂಥದ್ದಲ್ಲ. ಮುಂಗಾರಿನ ತೇವದ ಗಾಳಿ ಕೆಳಗೆ ಬೀಸುವಾಗ ಅದರ ಮೇಲಿನಿಂದ ವಾಯವ್ಯದ ಒಣಗಾಳಿ ಈ ಧೂಳನ್ನು ಹೊತ್ತು ತರುತ್ತದೆ. ಹಿಮಯುಗದ ಪದರಗಳಲ್ಲಿ ಧೂಳು ಹೆಚ್ಚು. ಸುಮಾರು 11,000ದಿಂದ 5,000 ವರ್ಷದ ಹಿಂದೆ ಅರೇಬಿಯಾದಲ್ಲಿ ಕೆರೆಗಳಿದ್ದವು, ಹುಲ್ಲು ಇತ್ತು. ಆಗಿನ ಪದರಗಳಲ್ಲಿ ಕಮ್ಮಿ.

ಪ್ರಶ್ನೆ: ಹವಾಮಾನ ಮೊದಲಿನಿಂದಲೂ ಬದಲಾಗುತ್ತ ಬಂದಿದೆ ಅಂತ ನೀವೇ ಹೇಳುತ್ತೀರಿ. ಹಾಗಾದರೆ ಈಗ ಯಾಕೆ ಇಷ್ಟು ಗದ್ದಲ?
— ವಕೀಲರು, ರಾಣೆಬೆನ್ನೂರು

ಉತ್ತರ: ಒಳ್ಳೆಯ ಪಾಟೀಸವಾಲು. ಹಿಂದೆ ಸಾವು ಸಹಜವಾಗಿ ಆಗುತ್ತಿತ್ತು ಎಂಬ ಕಾರಣಕ್ಕೆ ಈಗಿನ ಕೊಲೆ ಕೇಸನ್ನು ನೀವು ಕೈಬಿಡುವುದಿಲ್ಲವಲ್ಲ. 4,000 ವರ್ಷದ ಹಿಂದೆ ಮುಂಗಾರು ಕುಗ್ಗಲು ಮುಖ್ಯ ಕಾರಣ ಭೂಮಿಯ ಅಕ್ಷದ ಓಲಾಟ. ಸುಮಾರು 10,000 ವರ್ಷದ ಹಿಂದೆ ಜುಲೈ ಸುಮಾರಿಗೆ ಭೂಮಿ ಸೂರ್ಯನ ಹತ್ತಿರವಿತ್ತು, ನೆಲ ಹೆಚ್ಚು ಕಾದು ಮುಂಗಾರು ಬಲವಾಗಿತ್ತು. ಈಗ ಹತ್ತಿರ ಹೋಗುವುದು ಜನವರಿಯಲ್ಲಿ. ಈ ಸುತ್ತು ಪೂರ್ತಿಯಾಗಲು ಇಪ್ಪತ್ತು ಸಾವಿರ ವರ್ಷಗಳ ಲೆಕ್ಕ. ವಾತಾವರಣದ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಗಳ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ, ಅದೂ ಇನ್ನೂರೈವತ್ತು ಚಿಲ್ಲರೆ ವರ್ಷದಲ್ಲಿ. ಕೆಸರಿನ ಸಾಕ್ಷಿ ನಿಮ್ಮ ಕಕ್ಷಿದಾರರಿಗೆ ಅನುಕೂಲವಾಗಿಲ್ಲ: ಅಷ್ಟು ನಿಧಾನದ ಬದಲಾವಣೆಗೇ ಗೋದಾವರಿ ಸೀಮೆಯ ಮಣ್ಣು ಅಷ್ಟು ಹೋಯಿತು.

ಪ್ರಶ್ನೆ: ಮಗಳಿಗೆ ಇದನ್ನು ಓದುವ ಆಸೆ. ನಮ್ಮ ಕಡೆ ಸಮುದ್ರವೇ ಇಲ್ಲ. ಎಲ್ಲಿ ಓದಿಸಬೇಕು?
— ತಾಯಿಯೊಬ್ಬರು, ಬ್ಯಾಡಗಿ

ಉತ್ತರ: ಸಮುದ್ರ ಬೇಕಿಲ್ಲಮ್ಮ, ರಸಾಯನಶಾಸ್ತ್ರ ಬೇಕು. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನದ ಜೊತೆ ಅದನ್ನೂ ಇಟ್ಟುಕೊಳ್ಳಲಿ. ಎಂ.ಎಸ್ಸಿ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಭೂವಿಜ್ಞಾನ ವಿಭಾಗ ಇದೆ. ಮುಂದೆ ಸಂಶೋಧನೆಗೆ ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ವಾಸ್ಕೋದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಐಸೊಟೋಪಿನ ಕೆಲಸಕ್ಕೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ. ಹಡಗಿಗೆ ಹೋಗುವಾಗ ವಾಂತಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ಹತ್ತಿದ ಮೇಲಲ್ಲ.

ಪೋಸ್ಟಿನಲ್ಲಿ ಮಣ್ಣು ಕಳಿಸಿದ ಲಕ್ಷ್ಮೇಶ್ವರದ ಓದುಗರಿಗೆ: ಪೊಟ್ಟಣ ತಲುಪಿತು. ಚೀಟಿಯಲ್ಲಿ "ಇದು ಎಲ್ಲಿಯ ಮಣ್ಣು ಹೇಳಿರಿ ನೋಡೋಣ" ಎಂದು ಮಾತ್ರ ಬರೆದಿದ್ದೀರಿ. ನನ್ನ ಅಡುಗೆಮನೆಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲ. ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಒಂದು ಚಿಟಿಕೆ ಸೋಪಿನ ಪುಡಿ ಸೇರಿಸಿ ಅಲ್ಲಾಡಿಸಿ ಇಟ್ಟೆ. ಮರಳು ನಿಮಿಷದೊಳಗೆ ಕೂತಿತು, ಅದೂ ಚೂರು. ಗೋಡು ಸಂಜೆಗೆ ಕೂತಿತು. ಮೂರನೇ ದಿನವೂ ನೀರು ತಿಳಿಯಾಗಿಲ್ಲ, ಆದ್ದರಿಂದ ಜೇಡಿ ಹೆಚ್ಚಿರುವ ಎರಿ ಎಂದು ಹೇಳಬಲ್ಲೆ, ಹೆಚ್ಚಿನದನ್ನು ಹೇಳಲಾರೆ. ಮುಂದಿನ ಸಲ ಕಳಿಸುವುದಿದ್ದರೆ ಎಷ್ಟು ಆಳದ್ದು, ಹಳ್ಳದಿಂದ ಎಷ್ಟು ದೂರದ್ದು, ಮೇಲಿನ ಗುಡ್ಡ ಯಾವ ಕಲ್ಲಿನದು ಅಂತ ಬರೆಯಿರಿ. ಉಳಿದ ಮಣ್ಣನ್ನು ಕರಿಬೇವಿನ ಕುಂಡಕ್ಕೆ ಹಾಕಿದ್ದೇನೆ.